‘ವಾಪಸ್ ಹೋಗೋವರೆಗೆ’ ಅಂತ ಶುರುವಾದ ಶಾಲೆ

ಪುಣೆ, ಹೈದರಾಬಾದ್, ಚೆನ್ನೈ, ಎಲ್ಲೇ ಇರಲಿ, ನಮ್ಮವರು ನಾಲ್ಕು ಜನ ಸೇರಿದರೆ ಒಂದು ಮಾತು ಬಂದೇ ಬರುತ್ತೆ: “ಇನ್ನೆರಡು ವರ್ಷ ಅಷ್ಟೇ, ಆಮೇಲೆ ಊರಿಗೆ ವಾಪಸ್.” ಮಕ್ಕಳಿಗೆ ಕನ್ನಡ ಓದೋಕೆ ಬರಲ್ವಲ್ಲ ಅನ್ನೋ ಚಿಂತೆಗೂ ಅದೇ ಸಮಾಧಾನ: “ಹೋದಮೇಲೆ ಕಲೀತಾರೆ ಬಿಡಿ.” ಇದೇ ‘ವಾಪಸ್ ಹೋಗ್ತೀವಿ’ ಅನ್ನೋ ನಂಬಿಕೆ, ಅರವತ್ತು ವರ್ಷದ ಹಿಂದೆ ಅಮೆರಿಕದಲ್ಲಿ, ಒಂದು ಸರ್ಕಾರಿ ಶಾಲೆಯ ದಾರಿಯನ್ನೇ ಬದಲಿಸಿತು. ಇವತ್ತಿನ ಮಾತು ಆ ಶಾಲೆಯದು. ಮಯಾಮಿ ನಗರದ ಕೋರಲ್ ವೇ ಎಲಿಮೆಂಟರಿ ಶಾಲೆ.

1959ರ ಜನವರಿ 1ರಂದು ಕ್ಯೂಬಾದ ಸರ್ವಾಧಿಕಾರಿ ಬಟಿಸ್ಟಾ ದೇಶ ಬಿಟ್ಟು ಓಡಿದ. ಅಧಿಕಾರ ಫಿಡೆಲ್ ಕ್ಯಾಸ್ಟ್ರೊ ಕೈಗೆ ಬಂತು. ಆಸ್ತಿಗಳು, ಕಂಪನಿಗಳು, ಖಾಸಗಿ ಶಾಲೆಗಳು ಸರ್ಕಾರದ ವಶವಾಗ್ತಾ ಹೋದಂತೆ ವೈದ್ಯರು, ವಕೀಲರು, ಮೇಷ್ಟ್ರುಗಳು, ವ್ಯಾಪಾರಿಗಳು ವಿಮಾನ ಹತ್ತಿ ಮಯಾಮಿಗೆ ಬಂದರು. 1962ರ ಅಕ್ಟೋಬರ್‌ನಲ್ಲಿ ಕ್ಷಿಪಣಿ ಬಿಕ್ಕಟ್ಟು ಬಂದು ವಿಮಾನಗಳು ನಿಲ್ಲೋ ಹೊತ್ತಿಗೆ ಎರಡು ಲಕ್ಷಕ್ಕೂ ಹೆಚ್ಚು ಜನ ಬಂದಾಗಿತ್ತು. ಅದರಲ್ಲಿ 14,000ಕ್ಕೂ ಹೆಚ್ಚು ಮಕ್ಕಳು ಅಪ್ಪ ಅಮ್ಮ ಜೊತೆಗಿಲ್ಲದೆ ಬಂದವರು. ಆ ಏರ್ಪಾಡಿಗೆ ‘ಆಪರೇಷನ್ ಪೆಡ್ರೊ ಪ್ಯಾನ್’ ಅಂತ ಹೆಸರು.

ಬಂದವರಲ್ಲಿ ಬಹಳ ಜನ ತಮ್ಮನ್ನ ವಲಸಿಗರು ಅಂತ ಅಂದುಕೊಂಡಿರಲೇ ಇಲ್ಲ. ಕ್ಯಾಸ್ಟ್ರೊ ಇನ್ನೆಷ್ಟು ದಿನ ಇರ್ತಾನೆ? ಬಿದ್ದ ತಕ್ಷಣ ಹವಾನಾಕ್ಕೆ ವಾಪಸ್! ಹಾಗಿದ್ದಮೇಲೆ ಮಗು ಸ್ಪ್ಯಾನಿಷ್ ಓದು ಬರಹ ಮರೆತರೆ ಹೇಗೆ? ಇತ್ತ ಡೇಡ್ ಕೌಂಟಿಯ ಶಾಲಾ ಇಲಾಖೆಗೆ ಬೇರೆಯೇ ತಲೆನೋವು. ಇಂಗ್ಲಿಷ್ ಬಾರದ ಸಾವಿರಾರು ಮಕ್ಕಳು ಬಂದು ಕೂತಿದ್ದಾರೆ, ಪಾಠ ಮಾಡೋದು ಹೇಗೆ?

ಆಗ ಸಾಮಾನ್ಯ ಪದ್ಧತಿ ಇದ್ದದ್ದು ಒಂದೇ: ಇಂಗ್ಲಿಷ್ ಕ್ಲಾಸಿಗೆ ಹಾಕು, ಮುಳುಗಿದರೂ ಸರಿ, ಈಜಿದರೂ ಸರಿ. ಟೆಕ್ಸಾಸ್‌ನಲ್ಲಂತೂ ಶಾಲೆಯಲ್ಲಿ ಸ್ಪ್ಯಾನಿಷ್ ಮಾತಾಡಿದ ಮಕ್ಕಳಿಗೆ ಶಿಕ್ಷೆ ಕೊಡ್ತಿದ್ದರು. ಹಾಗಂತ ಎರಡು ಭಾಷೆಯ ಶಾಲೆ ಅಮೆರಿಕಕ್ಕೆ ಹೊಸದೇನೂ ಅಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಸಿನ್ಸಿನಾಟಿಯಂಥ ಊರುಗಳಲ್ಲಿ ಜರ್ಮನ್–ಇಂಗ್ಲಿಷ್ ಸರ್ಕಾರಿ ಶಾಲೆಗಳೇ ಇದ್ದವು. ಮೊದಲ ಮಹಾಯುದ್ಧ ಬಂತು, ಜರ್ಮನ್ ಶತ್ರುವಿನ ಭಾಷೆ ಆಯ್ತು, ಆ ಪರಂಪರೆ ಹೆಚ್ಚುಕಡಿಮೆ ಅಲ್ಲಿಗೆ ಮುಗಿಯಿತು.

ಈ ಹಿನ್ನೆಲೆಯಲ್ಲಿ 1963ರ ಸೆಪ್ಟೆಂಬರ್‌ನಲ್ಲಿ ಕೋರಲ್ ವೇ ಪ್ರಯೋಗ ಶುರುವಾಯ್ತು. ಫೋರ್ಡ್ ಫೌಂಡೇಶನ್ ಹಣ ಕೊಟ್ಟಿತು. ಯೋಜನೆಯ ಹೊಣೆ ಪಾಲಿನ್ ರೋಹಾಸ್ ಅನ್ನೋ ಶಿಕ್ಷಣತಜ್ಞೆಯದು. ಆಕೆ ಮೊದಲು ಪೋರ್ಟೊ ರಿಕೊದಲ್ಲಿ ಕೆಲಸ ಮಾಡಿದ್ದವರು. ಒಂದರಿಂದ ಮೂರನೇ ತರಗತಿವರೆಗೆ ಆರಂಭ. ಮಕ್ಕಳಲ್ಲಿ ಸುಮಾರು ಅರ್ಧ ಇಂಗ್ಲಿಷ್ ಮನೆಮಾತಿನವರು, ಅರ್ಧ ಸ್ಪ್ಯಾನಿಷ್ ಮನೆಮಾತಿನವರು. ಇಲ್ಲಿ ಗಮನಿಸಬೇಕಾದ್ದು ಇದು: ಬಂದವರು ಮಾತ್ರ ಇಂಗ್ಲಿಷ್ ಕಲೀಲಿಲ್ಲ, ಊರಿನವರ ಮಕ್ಕಳೂ ಸ್ಪ್ಯಾನಿಷ್ ಕಲಿತರು.

ಹೇಗೆ ನಡೀತಿತ್ತು? ಅರ್ಧ ದಿನ ಮಗು ತನ್ನ ಮನೆಮಾತಿನಲ್ಲಿ ಪಾಠ ಕೇಳ್ತಿತ್ತು. ಗಣಿತವೋ ವಿಜ್ಞಾನವೋ, ಹೊಸ ವಿಷಯ ಮೊದಲು ಅಲ್ಲಿ ಅರ್ಥ ಆಗಬೇಕು. ಇನ್ನರ್ಧ ದಿನ ಇನ್ನೊಬ್ಬ ಟೀಚರ್ ಹತ್ರ ಅದೇ ವಿಷಯವನ್ನ ಎರಡನೇ ಭಾಷೆಯಲ್ಲಿ ಗಟ್ಟಿಮಾಡಿಕೊಳ್ಳಬೇಕು. ಸಂಗೀತ, ಚಿತ್ರಕಲೆ, ಆಟಕ್ಕೆ ಎರಡೂ ಗುಂಪು ಒಟ್ಟಿಗೆ. ಆ ಹೊತ್ತಿನಲ್ಲಿ ಮಕ್ಕಳನ್ನ ನೋಡಿಕೊಳ್ಳೋಕೆ ಕ್ಯೂಬಾದಿಂದ ಬಂದ ಸಹಾಯಕಿಯರಿದ್ದರು. ಅವರಲ್ಲಿ ಅಲ್ಲಿ ಪೂರ್ಣಪ್ರಮಾಣದ ಶಿಕ್ಷಕಿಯರಾಗಿದ್ದವರೇ ಇದ್ದರು. ಅಮೆರಿಕದ ಸರ್ಟಿಫಿಕೇಟ್ ಇಲ್ಲ ಅಂತ ಇಲ್ಲಿ ಸಹಾಯಕಿಯರಷ್ಟೇ. ಇವರಿಂದ ಸಿಕ್ಕ ಬಿಡುವಿನಲ್ಲಿ ಇಂಗ್ಲಿಷ್ ಟೀಚರ್ ಮತ್ತು ಸ್ಪ್ಯಾನಿಷ್ ಟೀಚರ್ ಒಟ್ಟಿಗೆ ಕೂತು, ನಾಳೆ ಯಾರು ಏನು ಎಲ್ಲಿವರೆಗೆ ಅಂತ ಹೊಂದಿಸಿಕೊಳ್ತಿದ್ದರು. ಇಬ್ಬರು ಶಿಕ್ಷಕರು ಹೀಗೆ ಕೂತು ಮಾತಾಡೋ ಆ ಗಂಟೆ ಇಲ್ಲದಿದ್ದರೆ ಇಡೀ ಯೋಜನೆ ಒಂದೇ ತಿಂಗಳಲ್ಲಿ ಗೊಂದಲ ಆಗ್ತಿತ್ತು.

ಒತ್ತಾಯ ಇರಲಿಲ್ಲ. ಬೇಡ ಅನ್ನೋರಿಗೆ ಬರೀ ಇಂಗ್ಲಿಷ್ ವಿಭಾಗವೂ ಇತ್ತು. ಆದರೆ ಅದನ್ನ ಕೇಳೋರೇ ಕಡಿಮೆಯಾಗಿ ಬೇಗನೆ ಕೈಬಿಟ್ಟರು. ಇಂಗ್ಲಿಷ್ ಕಲಿಕೆ ಹಿಂದೆ ಬೀಳುತ್ತೆ ಅನ್ನೋ ಭಯಕ್ಕೂ ಉತ್ತರ ಸಿಕ್ತು. 1968ರಲ್ಲಿ ಬಂದ ಒಂದು ಪಿಎಚ್‌ಡಿ ಅಧ್ಯಯನದ ಪ್ರಕಾರ, ಅರ್ಧ ದಿನ ಮಾತ್ರ ಇಂಗ್ಲಿಷ್‌ನಲ್ಲಿ ಓದಿದ ಈ ಮಕ್ಕಳು ಪೂರ್ತಿ ದಿನ ಓದಿದ ಮಕ್ಕಳಿಗಿಂತ ಇಂಗ್ಲಿಷ್‌ನಲ್ಲಿ ಹಿಂದೆ ಬಿದ್ದಿರಲಿಲ್ಲ. ಅದೇ ವರ್ಷ ಜನವರಿಯಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ದ್ವಿಭಾಷಾ ಶಿಕ್ಷಣ ಕಾಯ್ದೆಗೆ ಸಹಿ ಹಾಕಿದರು. ಇಂಥ ಶಿಕ್ಷಣಕ್ಕೆ ಮೊದಲ ಬಾರಿ ಕೇಂದ್ರ ಸರ್ಕಾರದ ಹಣ ಹರಿಯಿತು.

ಇನ್ನೊಂದು ಮುಖವನ್ನೂ ಹೇಳಬೇಕು. ಕ್ಯೂಬಾದವರಿಗೆ ಇಷ್ಟು ಬಾಗಿಲು ತೆರೆದದ್ದು ಬರೀ ಪ್ರೀತಿಯಿಂದಲ್ಲ. ಅದು ಶೀತಲ ಸಮರದ ಕಾಲ, ಇವರು ಕಮ್ಯುನಿಸಂ ಬಿಟ್ಟು ಬಂದವರು, ಬಹುಪಾಲು ಓದಿದ ಮಧ್ಯಮವರ್ಗ. ಅದೇ ಫ್ಲಾರಿಡಾದಲ್ಲಿ ಕಪ್ಪು ಮಕ್ಕಳಲ್ಲಿ ಹೆಚ್ಚಿನವರು ಆಗಿನ್ನೂ ಬೇರೆ ಶಾಲೆಗಳಲ್ಲೇ ಇದ್ದರು. ಗಾಳಿಯೂ ಒಂದೇ ಕಡೆ ಬೀಸಲಿಲ್ಲ. 1973ರಲ್ಲಿ ಡೇಡ್ ಕೌಂಟಿ ತನ್ನನ್ನ ದ್ವಿಭಾಷಾ ಕೌಂಟಿ ಅಂತ ಘೋಷಿಸಿಕೊಂಡಿತು. 1980ರಲ್ಲಿ ಮತ್ತೊಂದು ದೊಡ್ಡ ನಿರಾಶ್ರಿತರ ಅಲೆ ಬಂದಾಗ, ಇಂಗ್ಲಿಷ್ ಬಿಟ್ಟು ಬೇರೆ ಭಾಷೆಗೆ ಕೌಂಟಿಯ ದುಡ್ಡು ಬೇಡ ಅಂತ ಜನ ಮತ ಹಾಕಿದರು. ಆ ನಿಯಮ ರದ್ದಾಗಿದ್ದು 1993ರಲ್ಲಿ. ಕೋರಲ್ ವೇ ಇದನ್ನೆಲ್ಲ ದಾಟಿ ಉಳಿಯಿತು. ಇವತ್ತು ಕಿಂಡರ್‌ಗಾರ್ಟನ್‌ನಿಂದ ಎಂಟನೇ ತರಗತಿವರೆಗೆ ಅಲ್ಲಿ ಎರಡು ಭಾಷೆಯ ಪಾಠ ನಡೀತಿದೆ.

ಕ್ಯಾಸ್ಟ್ರೊ ಬೀಳಲಿಲ್ಲ. ಅವರಲ್ಲಿ ಹೆಚ್ಚಿನವರು ವಾಪಸ್ ಹೋಗಲೂ ಇಲ್ಲ. ಆದರೆ ಹೋಗ್ತೀವಿ ಅಂತ ಕಾಯೋವಾಗ ಅವರು ಸುಮ್ಮನೆ ಕೂರಲಿಲ್ಲ ನೋಡಿ. ಮಕ್ಕಳ ಭಾಷೆಗೆ ಅಲ್ಲೇ, ಆಗಲೇ ಕೆಲಸ ಕೊಟ್ಟರು.

ನಮ್ಮ ಸ್ಥಿತಿ ಅದೇ ಅಂತ ನಾನು ಹೇಳಲ್ಲ. ಸ್ಪ್ಯಾನಿಷ್ ಬೆನ್ನಿಗೆ ಇಪ್ಪತ್ತು ದೇಶಗಳಿವೆ. ಪುಣೆಯ ಪಕ್ಕದ ಮನೆಯವರು ಮಕ್ಕಳಿಗೆ ಕನ್ನಡ ಕಲಿಸಿ ಅಂತ ಬರಲ್ಲ, ನಾವೂ ಅವರ ಮರಾಠಿ ಎಷ್ಟು ಕಲಿತಿದ್ದೀವಿ ಅನ್ನೋದು ಬೇರೆ ಪ್ರಶ್ನೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಪಾಠಕ್ಕೆ ಸೌಲಭ್ಯ ಕೊಡಲು ರಾಜ್ಯಗಳು ಪ್ರಯತ್ನಿಸಬೇಕು ಅಂತ ಸಂವಿಧಾನದ 350ಎ ವಿಧಿ ಹೇಳುತ್ತೆ. ಆದರೆ ಐಟಿಯವರ ಮಕ್ಕಳು ಹೋಗೋದು ಇಂಗ್ಲಿಷ್ ಶಾಲೆಗೇ. ಹಿಂದೆ ಮುಂಬೈಯಲ್ಲಿ ಹಗಲೆಲ್ಲ ಹೋಟೆಲಿನಲ್ಲಿ ದುಡಿದ ನಮ್ಮ ಕರಾವಳಿಯ ಹುಡುಗರು ಸಂಜೆ ಕನ್ನಡ ರಾತ್ರಿ ಶಾಲೆಗೆ ಹೋಗಿ ಓದಿ ಮೇಲೆ ಬಂದರು. ಅವರಿಗೆ ಕನ್ನಡ ಅಂದ್ರೆ ಬರೀ ನೆನಪಲ್ಲ, ಲೆಕ್ಕ, ಇತಿಹಾಸ, ಪರೀಕ್ಷೆ ಎಲ್ಲ ಅದರಲ್ಲೇ.

ನಮ್ಮ ಮನೆಗಳಲ್ಲಿ ಕನ್ನಡಕ್ಕೆ ಈಗ ಇರೋ ಕೆಲಸ ಏನು? ಊಟಕ್ಕೆ ಬಾ, ಬೇಗ ಮಲಗು, ಅಜ್ಜಿ ಹತ್ರ ಫೋನಲ್ಲಿ ಮಾತಾಡು. ಜೊತೆಗೆ ಭಾನುವಾರ ಒಂದು ಗಂಟೆ ಅ, ಆ, ಇ, ಈ. ಭಿನ್ನರಾಶಿ ಹೇಳಿಕೊಡೋವಾಗ, ಗ್ರಹಣ ಯಾಕಾಗುತ್ತೆ ಅಂತ ಮಗು ಕೇಳಿದಾಗ, ನಾವೇ ಇಂಗ್ಲಿಷ್‌ಗೆ ಜಾರ್ತೀವಿ. ಅಲ್ಲಿಂದ ಶುರು ಮಾಡಬಹುದು. ಇವತ್ತು ಶಾಲೆಯಲ್ಲಿ ಇಂಗ್ಲಿಷ್‌ನಲ್ಲಿ ಕೇಳಿದ ಒಂದು ಪಾಠ, ರಾತ್ರಿ ಊಟದ ಹೊತ್ತಿಗೆ ಕನ್ನಡದಲ್ಲಿ. ಅದಕ್ಕೆ ಫೋರ್ಡ್ ಫೌಂಡೇಶನ್ ದುಡ್ಡೂ ಬೇಡ, ಬೆಂಗಳೂರಿಗೆ ಟ್ರಾನ್ಸ್‌ಫರೂ ಬೇಡ.