ಶಿಲೆಗಳಲ್ಲಿ ಜೀವಿಗಳ ‘ದಿಢೀರ್’ ಉದಯ

ಗುಂಡ್ಲುಪೇಟೆ ತಾಲ್ಲೂಕಿನ ಬೇಗೂರು ಸೀಮೆಯ ನೈಸ್ ಶಿಲೆಗಳಿಗೆ ಸುಮಾರು 250 ಕೋಟಿ ವರ್ಷ ಅಥವಾ ಅದಕ್ಕೂ ಹೆಚ್ಚಿನ ವಯಸ್ಸು. ಭೂಗರ್ಭದ ಕಾವು, ಒತ್ತಡಗಳಲ್ಲಿ ರೂಪಾಂತರಗೊಂಡ ಇವುಗಳಲ್ಲಿ ಪ್ರಾಣಿಗಳ ಪಳೆಯುಳಿಕೆ ಅರಸುವುದು ವ್ಯರ್ಥ. ಇವು ರೂಪುಗೊಂಡಾಗ ಪ್ರಾಣಿಗಳೇ ಇರಲಿಲ್ಲ.

ಪ್ರಾಣಿಗಳ ಕುರುಹು ಹೇರಳವಾಗಿ ದೊರೆಯುವುದು ಸುಮಾರು 53.9 ಕೋಟಿ ವರ್ಷಗಳ ಹಿಂದೆ ಆರಂಭವಾದ ಕೇಂಬ್ರಿಯನ್ ಕಾಲದ ಶಿಲೆಗಳಲ್ಲಿ. ಸಂಧಿಪದಿಗಳೂ ಸೇರಿದಂತೆ ಹಲವು ಪ್ರಮುಖ ಪ್ರಾಣಿವರ್ಗಗಳು ಅಲ್ಲಿ ಒಮ್ಮೆಗೇ ಎಂಬಂತೆ ಎದುರಾಗುತ್ತವೆ. ವಿಜ್ಞಾನಿಗಳು ಇದನ್ನು ‘ಕೇಂಬ್ರಿಯನ್ ಸ್ಫೋಟ’ ಎನ್ನುತ್ತಾರೆ. ತನ್ನ ವಿಕಾಸವಾದಕ್ಕೆ ಇದು ಗಂಭೀರ ಆಕ್ಷೇಪವೆಂದು ಚಾರ್ಲ್ಸ್ ಡಾರ್ವಿನ್ 1859ರಲ್ಲಿಯೇ ಒಪ್ಪಿಕೊಂಡಿದ್ದ. ಶಿಲಾದಾಖಲೆ ಅಪೂರ್ಣವಾಗಿರುವುದೇ ಕಾರಣವೆಂದು ವಾದಿಸಿದ್ದ.

ವಾದ ಬಹುಪಾಲು ನಿಂತಿದೆ, ಪೂರ್ತಿಯಾಗಿ ಅಲ್ಲ. ಕೇಂಬ್ರಿಯನ್ ಆರಂಭದಿಂದ ಮೊದಲ ಟ್ರೈಲೊಬೈಟ್ ಪಳೆಯುಳಿಕೆಯವರೆಗೆ ಸುಮಾರು 1.8 ಕೋಟಿ ವರ್ಷಗಳ ಅಂತರವಿದೆ. ‘ದಿಢೀರ್’ ಎಂಬುದು ಭೂವಿಜ್ಞಾನಿಯ ಅಳತೆಯ ಮಾತು! ಅದಕ್ಕೂ ಹಿಂದಿನ ಎಡಿಯಾಕರನ್ ಕಾಲದ ಮೆತ್ತನೆಯ ಜೀವಿಗಳು ಅಪರೂಪಕ್ಕೆ ಮಾತ್ರ ಅಚ್ಚೊತ್ತಿವೆ. ಚಿಪ್ಪು, ಕವಚಗಳು ಬಂದ ಮೇಲೆ ಪಳೆಯುಳಿಕೆಗಳು ಹೆಚ್ಚಿದವು. ಆದರೆ ಪ್ರಾಣಿವೈವಿಧ್ಯವೂ ಆಗ ನಿಜವಾಗಿಯೇ ವೇಗವಾಗಿ ಬೆಳೆಯಿತು. ಆಮ್ಲಜನಕದ ಹೆಚ್ಚಳವೋ, ಬೇಟೆಯ ಪೈಪೋಟಿಯೋ ಎಂಬ ಚರ್ಚೆ ಮುಗಿದಿಲ್ಲ.

ಜೀವದ ಕುರುಹು ಪ್ರಾಣಿಗಳಿಗಿಂತ ಬಹಳ ಹಳೆಯದು. ಚಿತ್ರದುರ್ಗ, ಶಿವಮೊಗ್ಗ ಭಾಗದ ಧಾರವಾಡ ಶಿಲೆಗಳಲ್ಲಿಯೂ ಬಾಗಲಕೋಟೆ ಕಡೆಯ ಕಲಾದಗಿ ಶಿಲೆಗಳಲ್ಲಿಯೂ ಸೂಕ್ಷ್ಮಜೀವಿಗಳು ಪದರಪದರವಾಗಿ ಕಟ್ಟಿದ ಸ್ಟ್ರೊಮಾಟೊಲೈಟ್‌ಗಳಿವೆ.

ಕಲ್ಲಿನ ಮೇಲಿನ ಗುರುತನ್ನು ಓದುವಾಗ ಎಚ್ಚರ ಬೇಕು. ಮಧ್ಯಪ್ರದೇಶದ ಭೀಮ್‌ಬೇಟ್ಕಾದಲ್ಲಿ ಎಡಿಯಾಕರನ್ ಕಾಲದ ಡಿಕಿನ್ಸೋನಿಯಾ ಸಿಕ್ಕಿತೆಂದು 2021ರಲ್ಲಿ ಪ್ರಕಟವಾಗಿತ್ತು. ಅದು ಹೆಜ್ಜೇನಿನ ಹಳೆಯ ಗೂಡಿನ ಗುರುತೆಂದು 2023ರಲ್ಲಿ ತಿಳಿದುಬಂತು.