ಬೀಜದಿಂದ ಚೆರ್ರಿ ಟೊಮೆಟೊ: ಬೆಳಗಾವಿ ಮತ್ತು ಖಾನಾಪುರದ ಮನೆ ತೋಟಗಳಿಗೆ ಸಲಹೆ

ಚೆರ್ರಿ ಟೊಮೆಟೊ ನಮ್ಮ ನಿತ್ಯಬಳಕೆಯ ಟೊಮೆಟೊ ಜಾತಿಗೇ ಸೇರಿದ್ದು, 10ರಿಂದ 20 ಗ್ರಾಂ ತೂಕದ ಹಣ್ಣುಗಳನ್ನು ಗೊಂಚಲಾಗಿ ಬಿಡುತ್ತದೆ. ಬೆಳಗಾವಿ ನಗರದ ತಾರಸಿಯಲ್ಲೂ ಖಾನಾಪುರದ ಹಿತ್ತಿಲಿನಲ್ಲೂ ಇದನ್ನು ಬೆಳೆಯಬಹುದು. ಬಹುತೇಕ ವೈಫಲ್ಯಗಳಿಗೆ ಕಾರಣ ಬಿತ್ತನೆಯ ಸಮಯ ಹಾಗೂ ಮಣ್ಣು. ಬೀಜದ ದೋಷ ವಿರಳ.

ಮುಂಗಾರಿನ ಆರಂಭದಲ್ಲಿ ಬಿತ್ತಬೇಡಿ. ಸಹ್ಯಾದ್ರಿಯ ಮಗ್ಗುಲಲ್ಲಿರುವ ಖಾನಾಪುರದಲ್ಲಿ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಎಲೆ ಒಣಗುವುದೇ ಇಲ್ಲ. ಬೆಳಗಾವಿಯಲ್ಲೂ ಮೋಡ ಕವಿದ ದಿನಗಳೇ ಹೆಚ್ಚು. ಈ ತಂಪು ತೇವದಲ್ಲಿ ತಡವಾಗಿ ಬರುವ ಅಂಗಮಾರಿ ರೋಗ ಕೆಲವೇ ದಿನಗಳಲ್ಲಿ ಗಿಡವನ್ನು ಕಪ್ಪಾಗಿಸುತ್ತದೆ. ಇದೇ ರೋಗಾಣು ಆಲೂಗಡ್ಡೆಗೂ ತಗಲುವುದರಿಂದ, ಮುಂಗಾರು ಆಲೂಗಡ್ಡೆ ಬೆಳೆಯುವ ಈ ಎರಡೂ ತಾಲ್ಲೂಕುಗಳಲ್ಲಿ ಅಪಾಯ ಇಮ್ಮಡಿಯಾಗುತ್ತದೆ. ಸೆಪ್ಟೆಂಬರ್ ಎರಡನೆಯ ವಾರದಲ್ಲಿ ಮಾಡಿನ ಕೆಳಗೆ ಬಿತ್ತಿ, ಅಕ್ಟೋಬರ್‌ನಲ್ಲಿ ಮಳೆ ತಗ್ಗಿದ ಮೇಲೆ ನಾಟಿ ಮಾಡಿ. ಡಿಸೆಂಬರ್ ಕೊನೆಯ ಹೊತ್ತಿಗೆ ಹಣ್ಣು ಕೈಗೆ ಬರುತ್ತದೆ.

ಪ್ರೋಟ್ರೇಯಲ್ಲಿ ತೆಂಗಿನ ನಾರಿನ ಪುಡಿ ಮತ್ತು ಎರೆಗೊಬ್ಬರದ ಮಿಶ್ರಣ ತುಂಬಿ, ಕುಳಿಗೆ ಒಂದೇ ಬೀಜವನ್ನು ಅರ್ಧ ಸೆಂ.ಮೀ. ಆಳಕ್ಕೆ ಹಾಕಿ. ಸಂಕರಣ ಬೀಜ ದುಬಾರಿಯಾದ್ದರಿಂದ ಚೆಲ್ಲಿ ಬಿತ್ತುವುದು ಸಲ್ಲದು. ಐದರಿಂದ ಎಂಟು ದಿನಗಳಲ್ಲಿ ಮೊಳಕೆ ಬರುತ್ತದೆ. ಮೊಳಕೆ ಕಂಡ ದಿನವೇ ಟ್ರೇಯನ್ನು ಬೆಳಕಿಗೆ ಸರಿಸಬೇಕು. ನೆರಳಿನಲ್ಲಿ ಉಳಿದ ಸಸಿ ನೀಳವಾಗಿ ಬಾಗುತ್ತದೆ. ಅತಿಯಾದ ನೀರು ಬುಡ ಕೊಳೆಯುವ ರೋಗಕ್ಕೆ ದಾರಿ. ಎಲೆ ಮುಟುರು ರೋಗ ಹರಡುವ ಬಿಳಿ ನೊಣಗಳನ್ನು ತಡೆಯಲು ಸಸಿಗಳಿಗೆ ಒತ್ತಾದ ನೈಲಾನ್ ಪರದೆ ಹೊದಿಸಿ. 25 ದಿನಗಳ ಸಸಿ ನಾಟಿಗೆ ಯೋಗ್ಯ.

ಖಾನಾಪುರದ ಹಿತ್ತಿಲಿನ ಕೆಂಪು ಜಂಬಿಟ್ಟಿಗೆ ಮಣ್ಣು ಸಾಮಾನ್ಯವಾಗಿ ಆಮ್ಲೀಯ. ಬದನೆ, ಮೆಣಸಿನಕಾಯಿ ಅಥವಾ ಆಲೂಗಡ್ಡೆ ಬೆಳೆದ ಜಾಗದಲ್ಲಿ ದುಂಡಾಣು ಸೊರಗು ರೋಗದ ಭಯವಿದೆ. ಹಸಿರಾಗಿದ್ದ ಗಿಡ ಏಕಾಏಕಿ ಬಾಡಿದರೆ ನೀರಿನ ಕೊರತೆಯೆಂದು ಭಾವಿಸಿ ಮತ್ತಷ್ಟು ನೀರೆರೆಯಬೇಡಿ. ಬುಡದ ಬಳಿ ಕಾಂಡವನ್ನು ಕತ್ತರಿಸಿ ಗಾಜಿನ ಲೋಟದ ತಿಳಿ ನೀರಿನಲ್ಲಿ ಇಳಿಬಿಡಿ. ಕೆಲವು ನಿಮಿಷಗಳಲ್ಲಿ ಹಾಲಿನಂತಹ ಎಳೆಗಳು ಇಳಿದರೆ ಅದು ದುಂಡಾಣು ಸೊರಗು. ಇದಕ್ಕೆ ಔಷಧಿಯಿಲ್ಲ, ಗಿಡವನ್ನು ಬೇರುಸಹಿತ ಕಿತ್ತು ಸುಡಿ, ಆ ಮಣ್ಣನ್ನು ಬೇರೆ ಕುಂಡಕ್ಕೆ ಬಳಸಬೇಡಿ. ವಿಸ್ತರಣಾ ಕಾರ್ಯಕರ್ತರು ಈ ಪರೀಕ್ಷೆಯನ್ನು ರೈತರ ಎದುರಿನಲ್ಲೇ ಮಾಡಿ ತೋರಿಸುವುದು ಒಳಿತು. ಇಂತಹ ಜಾಗದಲ್ಲಿ ಕನಿಷ್ಠ 15 ಲೀಟರ್ ಅಳತೆಯ ಕುಂಡವೇ ಸುರಕ್ಷಿತ. ಅದನ್ನು ನೆಲಕ್ಕೆ ತಾಗದಂತೆ ಇಟ್ಟಿಗೆಯ ಮೇಲಿಡಿ.

ದಿನಕ್ಕೆ ಆರು ತಾಸು ಬಿಸಿಲು ಅಗತ್ಯ. ಬಹುತೇಕ ಚೆರ್ರಿ ತಳಿಗಳು ಬಳ್ಳಿಯಂತೆ ಬೆಳೆಯುತ್ತಲೇ ಇರುವುದರಿಂದ ಆರು ಅಡಿ ಎತ್ತರದ ಆಸರೆ ಕೊಟ್ಟು, ಎಲೆಯ ಕಂಕುಳಿನ ಚಿಗುರುಗಳನ್ನು ಚಿವುಟಿ. ನೀರನ್ನು ಬುಡಕ್ಕೆ ಮಾತ್ರ, ಬೆಳಗಿನ ಹೊತ್ತು, ಒಂದೇ ಪ್ರಮಾಣದಲ್ಲಿ ಕೊಡಿ. ಒಣಗಿಸಿ ಬಳಿಕ ತೋಯಿಸಿದರೆ ಹಣ್ಣು ಬಿರಿಯುತ್ತದೆ. ಗಾಳಿಯಾಡದ ಬಾಲ್ಕನಿಯಲ್ಲಿ ಹೂಗೊಂಚಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಕಾಯಿ ಕಚ್ಚಲು ನೆರವಾಗುತ್ತದೆ.

ಸಂಕರಣ ತಳಿಯ ಹಣ್ಣಿನಿಂದ ಬೀಜ ಉಳಿಸಿದರೆ ಮುಂದಿನ ಗಿಡಗಳು ಏಕರೂಪವಾಗಿ ಬರುವುದಿಲ್ಲ. ಸಂಕರಣವಲ್ಲದ ತಳಿಯಾದರೆ, ಆರೋಗ್ಯವಂತ ಗಿಡದ ಪೂರ್ಣ ಮಾಗಿದ ಹಣ್ಣಿನ ತಿರುಳನ್ನು ಎರಡು ದಿನ ಹುಳಿಯಲು ಬಿಡಿ. ನಂತರ ತೊಳೆದು, ತಳದಲ್ಲಿ ನಿಂತ ಬೀಜಗಳನ್ನಷ್ಟೇ ನೆರಳಿನಲ್ಲಿ ಒಣಗಿಸಿ, ತಳಿಯ ಹೆಸರು ಹಾಗೂ ದಿನಾಂಕ ಬರೆದ ಕಾಗದದ ಲಕೋಟೆಯಲ್ಲಿ ತೇವ ತಾಗದೆಡೆ ಇರಿಸಿ.