ಮುಂಗಾರಿನ ಮೊದಲ ರಾತ್ರಿಗಳು: ಕೃಷ್ಣಾ ಬಯಲಿನ ಉಭಯಚರಗಳ ಮೇಲೆ ನಿಗಾ ಇಡುವ ವಿಧಾನ

ಮಿರಗದ ಮಳೆ ಹದವಾಗಿ ಸುರಿದ ರಾತ್ರಿ ಅಥಣಿ, ಕಾಗವಾಡದ ಎರೆಹೊಲಗಳಲ್ಲಿ ಗೋಂಕುರು ಕಪ್ಪೆಗಳು ಮೇಲೇಳುತ್ತವೆ. ಬೇಸಿಗೆಯಿಡೀ ಮಾಸಲು ಹಸಿರಾಗಿದ್ದ ಗಂಡು ನಿಂಬೆಹಳದಿಗೆ ತಿರುಗಿ, ಗಂಟಲಿನ ಎರಡೂ ಪಕ್ಕದ ಗಾಢ ನೀಲಿ ಚೀಲಗಳನ್ನು ಉಬ್ಬಿಸಿ ಕೂಗುತ್ತದೆ. ಈ ಗದ್ದಲ ಕೆಲವೇ ರಾತ್ರಿಗಳದ್ದು. ಅದು ಅಡಗಿದ ಮೇಲೆ ಬಂದು ಹುಡುಕಿದವರು ‘ಕಪ್ಪೆ ಇಲ್ಲ’ ಎಂದು ಬರೆದುಕೊಂಡರೆ ದಾಖಲೆಯೇ ಸುಳ್ಳಾಗುತ್ತದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ ಸೇರಿದ ಈ ಬಯಲಿನಲ್ಲಿ ಉಭಯಚರಗಳನ್ನು ಎಣಿಸಲು ಹೊರಡುವವರ ಮುಂದಿನ ಮೊದಲ ತೊಡಕು ಇದು.

ಈ ತೊಡಕಿನ ಬಗ್ಗೆ ಬಹಳ ಕೆಲಸ ನಡೆದಿರುವುದು ಬಾಲವುಳ್ಳ ಉಭಯಚರಗಳಾದ ನ್ಯೂಟ್‌ಗಳ ಮೇಲೆ. ಕರ್ನಾಟಕದಲ್ಲಿ ನ್ಯೂಟ್ ಇಲ್ಲ. ಭಾರತದಲ್ಲಿ ಅವು ಡಾರ್ಜಿಲಿಂಗ್ ಬೆಟ್ಟಗಳಲ್ಲಿ ಮತ್ತು ಈಶಾನ್ಯದಲ್ಲಿವೆ. ಬ್ರಿಟನ್ನಿನಲ್ಲಿ ಕಾನೂನಿನ ರಕ್ಷಣೆಯುಳ್ಳ ಗ್ರೇಟ್ ಕ್ರೆಸ್ಟೆಡ್ ನ್ಯೂಟ್‌ಗಾಗಿ ರಾತ್ರಿ ಟಾರ್ಚ್ ಬಿಟ್ಟು ಹೊಂಡದ ಅಂಚನ್ನು ನೋಡುತ್ತಾರೆ, ಬಾಟಲಿ ಬೋನು ಹಾಕುತ್ತಾರೆ, ನೀರುಗಿಡಗಳ ಮಡಚಿದ ಎಲೆಗಳಲ್ಲಿ ಮೊಟ್ಟೆ ಹುಡುಕುತ್ತಾರೆ. ಒಂದೊಂದು ನ್ಯೂಟ್‌ನ ಹೊಟ್ಟೆಯ ಮೇಲಿನ ಕಪ್ಪು-ಕಿತ್ತಳೆ ಚಿತ್ತಾರ ಬೇರೆಯಾದ್ದರಿಂದ ಫೋಟೊ ನೋಡಿ ಒಂದನ್ನೇ ಮತ್ತೆ ಗುರುತಿಸಬಹುದು. 2014ರಲ್ಲಿ ಅಲ್ಲಿ ಹೊಂಡದ ನೀರಿನಲ್ಲಿ ಉಳಿದ ಡಿಎನ್‌ಎ ಪರೀಕ್ಷೆಗೂ ಮಾನ್ಯತೆ ಸಿಕ್ಕಿತು. ಏಪ್ರಿಲ್ 15ರಿಂದ ಜೂನ್ 30ರೊಳಗೆ ಹೊಂಡದ ಸುತ್ತ 20 ಕಡೆ ನೀರು ಮೊಗೆದು, ಬೆರೆಸಿ, ಪ್ರಯೋಗಾಲಯಕ್ಕೆ ಕಳಿಸುತ್ತಾರೆ.

ಇದನ್ನು ಹಾಗೆಯೇ ಕೃಷ್ಣೆಯ ದಡಕ್ಕೆ ತಂದರೆ ಸಾಗುವುದಿಲ್ಲ. ಎರೆಮಣ್ಣು ಕದಡಿದ ನೀರು ಡಿಎನ್‌ಎ ಸೋಸುವ ಫಿಲ್ಟರುಗಳನ್ನು ಮುಚ್ಚಿಬಿಡುತ್ತದೆ. ಬಿಸಿಲು, ಸೆಕೆ ಡಿಎನ್‌ಎಯನ್ನು ಬೇಗ ಒಡೆಯುತ್ತವೆ. ವೇದಗಂಗಾ ದೂಧಗಂಗೆಗೆ, ದೂಧಗಂಗಾ ಕೃಷ್ಣೆಗೆ ಸೇರುವ ಈ ಸೀಮೆಯಲ್ಲಿ ಹರಿಯುವ ನೀರಿನ ಡಿಎನ್‌ಎ ಯಾವ ಊರಿನ ಕಪ್ಪೆಯದೆಂದು ಹೇಳಲಾಗದು. 2019ರ ಆಗಸ್ಟ್‌ನಂಥ ಮಹಾಪೂರ ಬಂದರಂತೂ ಹೊಲ, ಹಳ್ಳ, ಹೊಳೆ ಎಲ್ಲ ಒಂದೇ. ಮುಚ್ಚಿದ ಕೃಷಿ ಹೊಂಡಗಳಿಗೆ ಈ ಪರೀಕ್ಷೆ ಒಗ್ಗೀತು. ಆದರೂ ಅದು ಕಪ್ಪೆ ಇದೆಯೋ ಇಲ್ಲವೋ ಎಂಬುದನ್ನಷ್ಟೇ ಹೇಳುತ್ತದೆ, ಎಷ್ಟಿವೆ ಎಂಬುದನ್ನಲ್ಲ.

ನ್ಯೂಟ್‌ಗಳು ಮೂಕ. ಕಪ್ಪೆಗಳು ಕೂಗುತ್ತವೆ.

ಇಲ್ಲಿನ ವಿಧಾನಕ್ಕೆ ಬುನಾದಿ ಅದೇ ಆಗಬೇಕು. ಗೊತ್ತುಮಾಡಿದ ಜಾಗದಲ್ಲಿ ಕತ್ತಲಾದ ಮೇಲೆ ಐದು ನಿಮಿಷ ನಿಂತು, ಯಾವ ಜಾತಿ ಕೂಗಿತು, ಒಂಟಿಯೋ ಗುಂಪೋ ಎಂದು ಬರೆದುಕೊಳ್ಳುವುದು ಅಗ್ಗದ, ಪ್ರಾಣಿಗೆ ತೊಂದರೆ ಕೊಡದ ಕೆಲಸ. ಆಡಿಯೋಮಾತ್‌ನಂಥ ಪುಟ್ಟ ಧ್ವನಿಮುದ್ರಕವನ್ನು ಬದುವಿನ ಜಾಲಿಮರಕ್ಕೆ ಕಟ್ಟಿದರೆ ಮಳೆ ಬಿದ್ದ ರಾತ್ರಿ ಯಾರೂ ಹೋಗದಿದ್ದರೂ ಕೂಗು ತಪ್ಪುವುದಿಲ್ಲ. ಬಿಲ ತೋಡುವ ಕಪ್ಪೆಗೆ ಇದು ತೀರ ಅಗತ್ಯ. ಹಿಂಗಾಲಿನ ಸಲಿಕೆಯಂಥ ಗಟ್ಟಿ ಗಂಟಿನಿಂದ ಮಣ್ಣು ಕೆದರುತ್ತ ಹಿಮ್ಮುಖವಾಗಿ ಇಳಿಯುವ ಅದು ವರ್ಷದ ಬಹುಭಾಗ ಮಣ್ಣಿನೊಳಗೇ ಇರುತ್ತದೆ.

ಕೇಳಿಸದ ರಾತ್ರಿಗಳನ್ನು ಲೆಕ್ಕಕ್ಕೆ ಹಿಡಿಯುವ ದಾರಿಯನ್ನು 2002ರಲ್ಲಿ ಸಂಖ್ಯಾಶಾಸ್ತ್ರಜ್ಞ ಡ್ಯಾರಿಲ್ ಮೆಕೆಂಝಿ ಮತ್ತು ಸಂಗಡಿಗರು ತೋರಿಸಿದರು. ಅಮೆರಿಕದ ಮೇರಿಲ್ಯಾಂಡ್‌ನ ಜೌಗುತಾಣಗಳಲ್ಲಿ ಅಮೆರಿಕದ ನೆಲಗಪ್ಪೆಯ ಕೂಗು ಕೇಳಿಸಿದ್ದು ಸುಮಾರು ಶೇ 34ರಲ್ಲಿ. ಪದೇ ಪದೇ ಹೋದ ಭೇಟಿಗಳಿಂದ ‘ಇದ್ದೂ ಕೇಳಿಸದಿರುವ’ ಸಾಧ್ಯತೆಯನ್ನು ಅಂದಾಜಿಸಿ ಕೂಡಿಸಿದಾಗ ಅದು ವಾಸವಾಗಿದ್ದ ತಾಣಗಳು ಶೇ 49ಕ್ಕೇರಿದವು. ಒಂದೇ ಭೇಟಿಯ ಸಮೀಕ್ಷೆಗಳನ್ನು ನಂಬಬಾರದೆನ್ನಲು ಇಷ್ಟು ಸಾಕು.

ತಾಣಗಳ ಆಯ್ಕೆಯಲ್ಲೂ ಊರಿನ ನೆಲ ಮಾತಾಡಬೇಕು. ಪಶ್ಚಿಮದ ನಿಪ್ಪಾಣಿಯ ತಂಬಾಕಿನ ಹೊಲಗಳಿಗೆ ಸಹ್ಯಾದ್ರಿಯ ಮಳೆ ಹತ್ತಿರ. ಪೂರ್ವದ ಅಥಣಿ ಒಣಸೀಮೆ. ನಡುವೆ ಕಬ್ಬು. ನೀರು ಹೆಚ್ಚಾಗಿ ಸವಳು-ಜವಳಾದ ಹೊಲಗಳಲ್ಲಿ ವರ್ಷವಿಡೀ ತೇವವಿದ್ದರೂ ಉಪ್ಪು ಗೊದಮೊಟ್ಟೆಗಳಿಗೆ ಕಂಟಕ. ಆದ್ದರಿಂದ ಮಳೆಯಾಶ್ರಿತ ಹೊಲ, ಕಾಲುವೆ ನೀರಿನ ಕಬ್ಬು, ಸವಳು ನೆಲ, ಊರ ಕೆರೆ ನಾಲ್ಕೂ ಪಟ್ಟಿಯಲ್ಲಿರಬೇಕು.

ಗೋಂಕುರು ಕಪ್ಪೆ ಇವತ್ತು ಅಳಿವಿನಂಚಿನದಲ್ಲ. ಆದರೆ ಅದರ ಕಾಲುಗಳು ಟನ್ನುಗಟ್ಟಲೆ ವಿದೇಶಕ್ಕೆ ಹೋಗುತ್ತಿದ್ದವು, 1987ರಲ್ಲಿ ಭಾರತ ರಫ್ತು ನಿಲ್ಲಿಸಬೇಕಾಯಿತು. ಸಾಮಾನ್ಯವಾಗಿರುವಾಗಲೇ ಎಣಿಸಿಟ್ಟ ಲೆಕ್ಕವಿಲ್ಲದಿದ್ದರೆ ಇಳಿಕೆ ಎಲ್ಲಿಂದ ಶುರುವಾಯಿತೆಂದು ಹೇಳಲು ಬರುವುದಿಲ್ಲ. ಹಾಗಾಗಿ ಪ್ರತಿ ತಾಣಕ್ಕೆ ಮುಂಗಾರಿನಲ್ಲಿ ಕನಿಷ್ಠ ಮೂರು ಭೇಟಿ, ಮೊದಲನೆಯದು ದೊಡ್ಡ ಮಳೆಯ ಮರುರಾತ್ರಿಯೊಳಗೆ. ಪ್ರತಿ ಹಾಳೆಯಲ್ಲಿ ಮಳೆ, ಉಷ್ಣತೆ, ಗಾಳಿ. ಏನೂ ಕೇಳಿಸದ ರಾತ್ರಿಗೂ ತುಂಬಿದ ಹಾಳೆಯೊಂದು ಇರಲೇಬೇಕು.